ಅಕ್ಕನ ಮಗುವಿಗೊಂದು ಕೌದಿ: ಹೊಲಿಗೆಯ ಲೆಕ್ಕ ಸಮೇತ

ಧಾರವಾಡ, ಗದಗ, ಬಾಗಲಕೋಟೆ ಕಡೆಯವರಿಗೆ ಕೌದಿ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಹುಟ್ಟಿದ್ದೇ ಅದರ ಮೇಲೆ. ಉಳಿದ ಗೆಳೆಯರಿಗಾಗಿ ಎರಡು ಮಾತು: ಹಳೇ ಹತ್ತಿ ಸೀರೆ, ದೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಬಟ್ಟೆಗಳನ್ನು ಕೂಡಿಸಿ, ಎಲ್ಲ ಪದರಗಳೂ ಸೇರುವ ಹಾಗೆ ಸಾಲುಸಾಲಾಗಿ ಕೈಯಲ್ಲಿ ಹೊಲಿದ ಹೊದಿಕೆ ಕೌದಿ. ರಜಾಯಿಯಲ್ಲಿ ಇರೋ ಹಾಗೆ ಒಳಗೆ ಹತ್ತಿ ತುಂಬಿರೋದಿಲ್ಲ. ಬಟ್ಟೆಯ ಮೇಲೆ ಬಟ್ಟೆ, ಅಷ್ಟೇ. ಗೆಳೆಯರೊಬ್ಬರು ಇದನ್ನು 'ಬೆಡ್‌ಶೀಟ್‌ಗಳ ಸ್ಯಾಂಡ್‌ವಿಚ್' ಅಂದಿದ್ರು. ತಪ್ಪೇನಿಲ್ಲ.

ಕನ್ನಡದಲ್ಲಿ ಇಂಥ ಹೊದಿಕೆಗೆ ಹಳೇ ಹೆಸರುಗಳು ಇನ್ನೂ ಇವೆ. 'ಕಂತೆಗೆ ತಕ್ಕ ಬೊಂತೆ' ಅನ್ನೋ ಗಾದೆಯನ್ನು ಎಲ್ಲರೂ ಕೇಳಿರ್ತೀರಿ. ಕಂತೆ ಅಂದ್ರೂ ಬೊಂತೆ ಅಂದ್ರೂ ಚಿಂದಿ ಕೂಡಿಸಿ ಹೊಲಿದ ಬಟ್ಟೆಯೇ. ಕಂತೆ ಬಂದಿರೋದು ಸಂಸ್ಕೃತದ ಕಂಥಾ ಶಬ್ದದಿಂದ. ಬಂಗಾಳದ ಪ್ರಸಿದ್ಧ 'ಕಾಂಥಾ' ಹೊಲಿಗೆಯ ಹೆಸರೂ ಅದೇ. ತೆಲುಗಿನಲ್ಲಿ ಹೊದಿಕೆಗೆ ಇವತ್ತಿಗೂ 'ಬೊಂತ' ಅಂತಾರೆ. ಮಹಾರಾಷ್ಟ್ರದಲ್ಲಿ ಗೋಧಡಿ, ಬಿಹಾರದಲ್ಲಿ ಸುಜನಿ, ರಾಜಸ್ಥಾನ ಮತ್ತು ಸಿಂಧ್ ಕಡೆ ರಲ್ಲಿ. ಹಳೇ ಬಟ್ಟೆಯನ್ನು ಎಸೆಯಲಾಗದ ಮನೆಗಳು ಎಲ್ಲೆಲ್ಲಿ ಇದ್ದವೋ ಅಲ್ಲೆಲ್ಲ ಇದರ ಒಂದೊಂದು ರೂಪ ಇದೆ.

ಈ ಲೇಖನದಲ್ಲಿ ನಾನು ಹೇಳಹೊರಟಿರೋದು ಒಂದು ಕೂಸಿನ ಕೌದಿ ಹೊಲಿಯೋದು ಹೇಗೆ ಅಂತ. ಅಕ್ಕನೋ ಅತ್ತಿಗೆಯೋ ಬಾಣಂತನಕ್ಕೆ ಬಂದಿದ್ದಾರೆ, ತೊಟ್ಟಿಲು ಕಾರ್ಯಕ್ಕೆ ಏನಾದ್ರೂ ಕೊಡಬೇಕು, ಜೇಬಿನಲ್ಲಿ ದುಡ್ಡಿಲ್ಲ, ಆದರೆ ಸ್ಟಡಿ ಹಾಲಿಡೇಸ್ ಇದೆ ಅನ್ನೋರಿಗೆ ಇದು ಸರಿಯಾದ ಕೆಲಸ. ಜೊತೆಗೆ ಪ್ರತಿ ಹೆಜ್ಜೆಯೂ ಯಾಕೆ ಹಾಗೇ ಇದೆ ಅನ್ನೋದನ್ನು ನಾವು ಮೊದಲ ವರ್ಷ ಓದಿದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಿಂದಲೇ ವಿವರಿಸೋಕೆ ಪ್ರಯತ್ನ ಮಾಡ್ತೀನಿ. ನನಗೆ ಹೊಲಿಗೆ ಕಲಿಸಿದ್ದು ನಮ್ಮ ಚಿಗವ್ವ. ಅವರಿಗೆ ಈ ಸೂತ್ರಗಳು ಬೇಕಾಗಿಲ್ಲ, ನಮಗೆ ಬೇಕು. ಯಾಕಂದ್ರೆ 'ಹಂಗ ಮಾಡಬ್ಯಾಡ' ಅಂದ್ರೆ 'ಯಾಕೆ' ಅಂತ ಕೇಳೋ ಜಾತಿ ನಮ್ಮದು.

ಬಟ್ಟೆ

ಅಳತೆ 90 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ ಅಂತ ಇಟ್ಟುಕೊಳ್ಳೋಣ. ತೊಟ್ಟಿಲಿಗೂ ಆಗತ್ತೆ, ಮಡಿಲ ಮೇಲೆ ಹಾಸಿ ಮಲಗಿಸೋಕೂ ಆಗತ್ತೆ. ಐದು ಪದರ ಸಾಕು: ಕೆಳಗೆ ಒಂದು, ನಡುವೆ ಮೂರು, ಮೇಲೆ ತುಂಡುಗಳ ಒಂದು ಪದರ. ಒಂದು ಸಾಧಾರಣ ಸೀರೆ ಐದೂವರೆ ಮೀಟರ್ ಉದ್ದ ಇರತ್ತೆ, ಹಾಗಾಗಿ ಒಂದೇ ಸೀರೆಯಲ್ಲಿ ಕೆಳಗಿನ ನಾಲ್ಕೂ ಪದರ ಬಂದು ಇನ್ನೂ ಉಳಿಯತ್ತೆ. ತೂಕದ ಅಂದಾಜು ಬೇಕಾದ್ರೆ, ತೆಳು ಹತ್ತಿ ಬಟ್ಟೆ ಚದರ ಮೀಟರಿಗೆ 100 ಗ್ರಾಂ ಅಂತ ಹಿಡಿಯಿರಿ. 0.675 ಚದರ ಮೀಟರ್, ಐದು ಪದರ, ಅಂದ್ರೆ 340 ಗ್ರಾಂ ಹತ್ತಿರ. ಮಡಿಕೆ, ತುಂಡುಗಳ ಅಂಚು ಸೇರಿ 400 ಗ್ರಾಂ ಆಗಬಹುದು.

ಹಳೇದೇ ಯಾಕೆ? ಬರೀ ಉಳಿತಾಯಕ್ಕಲ್ಲ. ಹೊಸ ಹತ್ತಿ ಬಟ್ಟೆ ಮೊದಲ ಕೆಲವು ಒಗೆತಗಳಲ್ಲಿ ಕುಗ್ಗತ್ತೆ. ನೇಯುವಾಗ ಮಗ್ಗದಲ್ಲಿ ಎಳೆದು ಹಿಡಿದಿದ್ದ ನೂಲು ನೀರು ಕುಡಿದು ಸಡಿಲಾಗಿ ತನ್ನ ಸಹಜ ಉದ್ದಕ್ಕೆ ವಾಪಸ್ ಬರತ್ತೆ. ಐದು ಪದರಗಳಲ್ಲಿ ಎರಡು ಹೊಸದು, ಮೂರು ಹಳೇದು ಇದ್ರೆ ಎರಡು ಕುಗ್ಗಿ ಮೂರು ಹಾಗೇ ಉಳಿದು, ಕೌದಿ ಅಲ್ಲಲ್ಲಿ ಗುಳ್ಳೆ ಎದ್ದ ಹಾಗೆ ಉಬ್ಬತ್ತೆ. ನೂರು ಸಲ ಒಗೆದ ಸೀರೆಗೆ ಆ ಚಿಂತೆ ಇಲ್ಲ, ಅದು ಕುಗ್ಗಬೇಕಾದಷ್ಟು ಕುಗ್ಗಿ ಮುಗಿದಿದೆ. ಗಂಜಿಯೆಲ್ಲ ಹೋಗಿ ನೂಲಿನ ಮೇಲ್ಮೈ ಮೆತ್ತಗಾಗಿರತ್ತೆ. ಕೂಸಿಗೆ ಮೊದಲ ಬಟ್ಟೆ ಹಳೇ ದೋತರದ್ದೇ ಆಗಬೇಕು ಅಂತ ಮನೆಯ ಹಿರಿಯರು ಹೇಳೋದರಲ್ಲಿ ಶಾಸ್ತ್ರಕ್ಕಿಂತ ಹೆಚ್ಚು ಬಟ್ಟೆಯ ಜ್ಞಾನ ಇದೆ ಅಂತ ನನ್ನ ಅಭಿಪ್ರಾಯ.

ಪಾಲಿಯೆಸ್ಟರ್ ಸೀರೆ ಬೇಡ. ಬೆವರು ಹೀರಲ್ಲ, ಜಾರತ್ತೆ, ಹತ್ತಿ ಪದರಗಳ ಜೊತೆ ಹೊಂದಿಕೊಳ್ಳಲ್ಲ. ಈಗಿನ ಮನೆಗಳಲ್ಲಿ ಕಪಾಟು ತುಂಬ ಅದೇ ಇರೋದರಿಂದ ಶುದ್ಧ ಹತ್ತಿ ಹುಡುಕೋದೇ ಮೊದಲ ಕಷ್ಟ. ಅಂಚಿನ ಒಂದು ನೂಲು ಎಳೆದು ಸುಟ್ಟು ನೋಡಿ: ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಹಗುರ ಬೂದಿಯಾಗತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗತ್ತೆ. (ಹಾಸ್ಟೆಲ್ ರೂಮಿನಲ್ಲಿ ಬೇಡ, ವಾರ್ಡನ್ ಇದ್ದಾರೆ.) ಇಳಕಲ್ ಸೀರೆ ಸಿಕ್ಕಿದ್ರೆ ಅದೃಷ್ಟ. ಆದರೆ ಅದರಲ್ಲಿ ಒಡಲು ಹತ್ತಿಯಾಗಿದ್ದು ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಆಗಿರಬಹುದು. ಒಡಲಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸಿ ನೇಯೋದು ಆ ಸೀರೆಯ ವಿಶೇಷ. ಹಾಗಾಗಿ ಒಡಲಿನ ಭಾಗ ಒಳಪದರಕ್ಕೆ, ಅಂಚು ಮತ್ತು ಸೆರಗು ಮೇಲಿನ ತುಂಡುಗಳಿಗೆ. ಜರಿ, ಹಾಕಿದ್ದ ಫಾಲ್, ಹುಕ್ಕು, ಗುಂಡಿ ಎಲ್ಲ ತೆಗೆಯಿರಿ. ಬಣ್ಣ ಬಿಡತ್ತಾ ಅಂತ ನೋಡೋಕೆ ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕೆಂಪು ಬಿಡೋ ಬಟ್ಟೆ ಎಷ್ಟೇ ಚೆಂದ ಇದ್ರೂ ಕೂಸಿನ ಕೌದಿಗೆ ಬೇಡ.

ಆಮೇಲೆ ಪ್ರತಿ ಪದರವನ್ನೂ ಬೆಳಕಿಗೆ ಹಿಡಿದು ನೋಡಬೇಕು. ಸವೆದು ತೆಳ್ಳಗಾದ ಜಾಗ ಹೊಳೆಯತ್ತೆ. ಅದನ್ನು ಒಳಪದರದಲ್ಲಿ ಇಡಿ, ಒಂದು ಪದರದ ಸವೆದ ಭಾಗ ಇನ್ನೊಂದರ ಸವೆದ ಭಾಗದ ಮೇಲೆ ಬರದ ಹಾಗೆ. ಪ್ಲೈವುಡ್ಡಿನಲ್ಲಿ ಒಂದು ಹಾಳೆಯ ಗಂಟನ್ನು ಇನ್ನೊಂದು ಹಾಳೆ ಹೊತ್ತುಕೊಳ್ಳುತ್ತಲ್ಲ, ಅದೇ ತರ್ಕ. ಆದರೆ ಪ್ಲೈವುಡ್ಡಿನ ಹಾಗೆ ಪದರಗಳನ್ನು ಅಡ್ಡ, ಉದ್ದ ತಿರುಗಿಸೋ ಅಗತ್ಯ ಇಲ್ಲ. ಮರದ ಹಾಳೆಗೆ ನಾರು ಒಂದೇ ದಿಕ್ಕಿಗೆ, ಬಟ್ಟೆಗೆ ಹಾಸು ಹೊಕ್ಕು ಎರಡೂ ಇದೆ. ಬಟ್ಟೆ ಹಿಗ್ಗೋದು 45 ಡಿಗ್ರಿ ಓರೆಯಲ್ಲಿ, ಅದಕ್ಕೇ ಯಾವ ಪದರವೂ ಓರೆಯಾಗದಂತೆ ನೂಲಿನ ನೇರಕ್ಕೆ ಹಾಸೋದು ಮುಖ್ಯ.

ಅಂಟು ಯಾಕೆ ಬೇಡ

ಐದು ಪದರ ಒಂದಾಗಬೇಕು ಅಂದ್ರೆ ಫ್ಯಾಬ್ರಿಕ್ ಗ್ಲೂ ಹಚ್ಚಿ ಐದು ನಿಮಿಷದಲ್ಲಿ ಮುಗಿಸಬಹುದಲ್ಲ? ಮುಗಿಸಬಹುದು, ಆದರೆ ಸಿಗೋದು ರಟ್ಟು.

ಬಾಗುವಿಕೆಗೆ ತೋರೋ ಪ್ರತಿರೋಧ ದಪ್ಪದ ಘನಕ್ಕೆ ಅನುಪಾತ ಅನ್ನೋದು ನಮಗೆ ಗೊತ್ತು. ಒಂದು ಪದರದ ದಪ್ಪ t ಆದರೆ, ಬಿಡಿಬಿಡಿಯಾಗಿ ಒಂದರ ಮೇಲೊಂದು ಜಾರುವ ಐದು ಪದರಗಳ ಒಟ್ಟು ಪ್ರತಿರೋಧ 5t³. ಅದೇ ಐದೂ ಪೂರ್ತಿ ಅಂಟಿಕೊಂಡು ಒಂದೇ ಹಲಗೆಯಾದರೆ (5t)³, ಅಂದ್ರೆ 125t³. ಇಪ್ಪತ್ತೈದು ಪಟ್ಟು ಬಿರುಸು! ಕೌದಿ ಈ ಎರಡರ ನಡುವೆ ಎಲ್ಲೋ ನಿಲ್ಲತ್ತೆ. ಹೊಲಿಗೆ ಬಿದ್ದ ಬಿಂದುಗಳಲ್ಲಿ ಪದರಗಳು ಕಚ್ಚಿಕೊಂಡಿವೆ, ನಡುವೆ ಸ್ವಲ್ಪ ಜಾರಬಹುದು. ಹಾಗಾಗಿ ಮೈಮೇಲೆ ಬಿದ್ದಾಗ ಮೈಗೆ ಹೊಂದಿಕೊಳ್ಳತ್ತೆ, ಒದರಿದಾಗ ಪದರ ಬೇರೆಯಾಗಲ್ಲ. ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿದಷ್ಟೂ ಕೌದಿ ಗಟ್ಟಿ ಮತ್ತು ಬಿರುಸು, ಜಾಸ್ತಿ ಮಾಡಿದಷ್ಟೂ ಮೆತ್ತಗೆ ಮತ್ತು ಸಡಿಲ. ಇಡೀ ವಿನ್ಯಾಸದಲ್ಲಿ ನಮ್ಮ ಕೈಯಲ್ಲಿರೋ ಮುಖ್ಯ ವೇರಿಯಬಲ್ ಇದೊಂದೇ. ಕೂಸಿನ ಕೌದಿಗೆ 1 ಸೆಂ.ಮೀ. ಒಳ್ಳೇ ಅಂತರ.

ಬೆಚ್ಚಗಿನ ಲೆಕ್ಕವೂ ಇಲ್ಲೇ ಬರತ್ತೆ. ಬೆಚ್ಚಗಿಡೋದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಬಿದ್ದ, ಅಲುಗಾಡದ ಗಾಳಿ. ನಿಶ್ಚಲ ಗಾಳಿಯ ಉಷ್ಣವಾಹಕತೆ ಸುಮಾರು 0.026 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್. ಹತ್ತಿ ಬಟ್ಟೆ, ಗಾಳಿ ಸೇರಿದ ಪದರಕ್ಕೆ 0.05 ಅಂತ ಹಿಡಿಯೋಣ. ಕೌದಿ 3 ಮಿ.ಮೀ. ದಪ್ಪ ಇದ್ರೆ ಉಷ್ಣರೋಧ 0.003 ಭಾಗಿಸು 0.05, ಅಂದ್ರೆ 0.06. ಬಟ್ಟೆಯ ಬೆಚ್ಚಗಿನ ಅಳತೆಯಾದ 'ಕ್ಲೋ' ಅಂದ್ರೆ 0.155, ಹಾಗಾಗಿ ನಮ್ಮ ಕೌದಿ 0.4 ಕ್ಲೋ ಹತ್ತಿರ. ಎರಡು ಸೆಂ.ಮೀ. ದಪ್ಪ ಹತ್ತಿ ತುಂಬಿದ ರಜಾಯಿಗೆ ಇದೇ ಲೆಕ್ಕ ಹಾಕಿದ್ರೆ (ಅದರಲ್ಲಿ ಗಾಳಿ ಜಾಸ್ತಿ, 0.04 ಅಂತ ಇಟ್ಟುಕೊಳ್ಳಿ) 3 ಕ್ಲೋ ದಾಟತ್ತೆ. ಅಂದ್ರೆ ಕೌದಿ ಹಿಮ ಬೀಳೋ ಊರಿನ ಹೊದಿಕೆ ಅಲ್ಲವೇ ಅಲ್ಲ. ರಾತ್ರಿ ಸ್ವಲ್ಪ ಚಳಿ, ಬೆಳಗ್ಗೆ ಬಿಸಿಲು ಇರೋ ನಮ್ಮ ಬಯಲುಸೀಮೆಯದ್ದು. ಜೋರು ಚಳಿಗೆ ಕಂಬಳಿ ಬೇರೆ ಇದ್ದೇ ಇದೆ.

ದಾರ

ನನಗೆ ತುಂಬ ಖುಷಿ ಕೊಟ್ಟ ವಿಷಯ ದಾರ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರ್ತೀನಿ.

ಮೊದಲು ಯಾವ ದಾರ ಅಂತ. ನಮ್ಮ ಸಹಜ ಬುದ್ಧಿ ಹೇಳೋದು 'ಎಲ್ಲಕ್ಕಿಂತ ಗಟ್ಟಿ ದಾರ ತಗೋ' ಅಂತ. ನೈಲಾನ್, ಪಾಲಿಯೆಸ್ಟರ್ ದಾರ ಜಗ್ಗಿದ್ರೆ ಕೈ ಕೊಯ್ಯತ್ತೆ ಹೊರತು ಹರಿಯಲ್ಲ. ಅದೇ ಸಮಸ್ಯೆ. ಹಳೇ ಹತ್ತಿ ಬಟ್ಟೆಯೊಳಗೆ ಅಂಥ ದಾರ ಹಾಕಿದ್ರೆ, ಯಾರಾದ್ರೂ ಕೌದಿ ಜಗ್ಗಿದಾಗ ದಾರ ಹರಿಯೋ ಬದಲು ಬಟ್ಟೆಯನ್ನೇ ಕೊಯ್ಯತ್ತೆ. ಹರಿದ ದಾರವನ್ನು ಹತ್ತು ನಿಮಿಷದಲ್ಲಿ ಮತ್ತೆ ಹೊಲಿಯಬಹುದು. ಅಜ್ಜಿಯ ಸೀರೆ ಹರಿದರೆ ಇನ್ನೊಂದು ಅಂಥದ್ದು ಎಲ್ಲಿಂದ ತರ್ತೀರಿ? ಮಷೀನುಗಳಲ್ಲಿ ಶಿಯರ್ ಪಿನ್ ಇಡೋದು ಇದೇ ಕಾರಣಕ್ಕೆ: ಹೊರೆ ಮಿತಿ ಮೀರಿದಾಗ ಮುರಿಯಬೇಕಾದ್ದು ಅಗ್ಗದ ಪಿನ್, ದುಬಾರಿ ಗೇರ್ ಅಲ್ಲ. ಹಾಗಾಗಿ ಹತ್ತಿಯ ದಾರವೇ ಸರಿ. ಹೊಲಿಗೆ ಮಷೀನಿನ ಹತ್ತಿ ದಾರ ಆದ್ರೆ ಎರಡೆಳೆ ಮಾಡಿಕೊಳ್ಳಿ.

ಎರಡನೇದು ಉದ್ದ. "ಒಂದ ಮಾರು ತಗೊಂಡು ಮಡಚು, ಅದಕ್ಕಿಂತ ಉದ್ದ ಬ್ಯಾಡ, ಗಂಟ ಬೀಳ್ತೈತಿ" ಅಂತಾರೆ ಚಿಗವ್ವ. ಮಾರು ಅಂದ್ರೆ ಎರಡೂ ಕೈ ಚಾಚಿದಷ್ಟು, ಸುಮಾರು 1.8 ಮೀಟರ್. ಮಡಚಿದರೆ 90 ಸೆಂ.ಮೀ. ಗಂಟು ಬೀಳೋದು ನಿಜ, ಆದರೆ ಇನ್ನೊಂದು ಕಾರಣವೂ ಇದೆ. ಸೂಜಿಯ ಹತ್ತಿರದ ದಾರ ಪ್ರತಿ ಸಲ ಬಟ್ಟೆಯಿಂದ ಉಜ್ಜಿಕೊಂಡೇ ಹೋಗತ್ತೆ. ದಾರ ಉದ್ದ ಇದ್ದಷ್ಟೂ ಅದೇ ಭಾಗ ಹೆಚ್ಚು ಸಲ ಉಜ್ಜಿ, ಕೊನೆಗೆ ಹೊಲಿಗೆಯಲ್ಲಿ ಕೂರೋ ಹೊತ್ತಿಗೆ ಅರ್ಧ ಸವೆದಿರತ್ತೆ.

ಮೂರನೇದು ಗಂಟು. ಕೌದಿಗೆ ಗಂಟು ಹಾಕದೆ ಶುರು ಮಾಡೋದನ್ನು ನೀವು ಗಮನಿಸಿರಬಹುದು. ಗಂಟು ಕೂಸಿನ ಮೈಗೆ ಒತ್ತತ್ತೆ, ಜೊತೆಗೆ ಸಡಿಲ ನೇಯ್ಗೆಯ ಹಳೇ ಬಟ್ಟೆಯಲ್ಲಿ ತೂರಿ ಹೊರಗೇ ಬರತ್ತೆ. ಬದಲಿಗೆ ಒಂದೆರಡು ಸಣ್ಣ ಹೊಲಿಗೆ ಹಿಂದೆ ಹಾಕಿ, ಆಮೇಲೆ ಮುಂದೆ ಸಾಗೋದು. ಅಷ್ಟಕ್ಕೇ ದಾರ ನಿಲ್ಲತ್ತಾ? ನಿಲ್ಲತ್ತೆ. ಬೆಲ್ಟ್ ಫ್ರಿಕ್ಷನ್ ಪಾಠ ನೆನಪಿದೆಯಾ? ಒಂದು ಹಗ್ಗ ಕಂಬಕ್ಕೆ θ ಕೋನದಷ್ಟು ಸುತ್ತಿದ್ರೆ ಎರಡೂ ಬದಿಯ ಎಳೆತಗಳ ಅನುಪಾತ e ಯ μθ ಘಾತ. ರನ್ನಿಂಗ್ ಸ್ಟಿಚ್‌ನಲ್ಲಿ ದಾರ ಮೇಲಿನಿಂದ ಕೆಳಕ್ಕೆ ಇಳಿಯುವಾಗ ಒಂದು 90 ಡಿಗ್ರಿ, ಕೆಳಗೆ ಮಲಗುವಾಗ ಇನ್ನೊಂದು 90 ಡಿಗ್ರಿ ತಿರುಗತ್ತೆ. ಅಂದ್ರೆ ಪ್ರತಿ ತೂರಿಕೆಗೆ π ರೇಡಿಯನ್. ಘರ್ಷಣಾಂಕ 0.3 ಅಂತ ಇಟ್ಟುಕೊಂಡರೆ ಒಂದು ತೂರಿಕೆಗೆ ಅನುಪಾತ 2.57. ಐದು ತೂರಿಕೆಗೆ? ಸುಮಾರು 110! ಈ ತುದಿಯಲ್ಲಿ ಬಟ್ಟೆ ದಾರವನ್ನು ಒಂದು ಗ್ರಾಂನಷ್ಟು ಬಲದಿಂದ ಹಿಡಿದಿದ್ರೂ ಆ ತುದಿಯಲ್ಲಿ ನೂರು ಗ್ರಾಂಗೂ ಮೀರಿದ ಎಳೆತ ತಡೆಯತ್ತೆ. ಲೆಕ್ಕ ಒರಟು, ಒಪ್ಪಿಕೊಳ್ತೀನಿ. ನಿಜವಾದ ಹೊಲಿಗೆಯಲ್ಲಿ ತಿರುವು ಅಷ್ಟು ಚೂಪಾಗಿರಲ್ಲ. ಕೋನ ಅರ್ಧಕ್ಕೆ ಇಳಿದ್ರೂ ಹತ್ತು ತೂರಿಕೆಗೆ ಅದೇ ಉತ್ತರ ಬರತ್ತೆ, ಮತ್ತು ಹತ್ತು ತೂರಿಕೆ ಅಂದ್ರೆ ಕೌದಿಯಲ್ಲಿ ನಾಲ್ಕೈದು ಸೆಂ.ಮೀ. ಜಾಗ ಅಷ್ಟೇ.

ಇದರಿಂದಲೇ ಕೌದಿಯ ಇನ್ನೊಂದು ಗುಣ ಬರತ್ತೆ. ನಡುವೆ ಎಲ್ಲೋ ದಾರ ಹರಿದರೆ ಆಚೆ ಈಚೆ ನಾಲ್ಕು ಹೊಲಿಗೆ ಸಡಿಲಾಗತ್ತೆ, ಮುಂದಿನದೆಲ್ಲ ಭದ್ರ. ಇದನ್ನು ಅಕ್ಕಿ ಚೀಲದ ಬಾಯಿಯ ಹೊಲಿಗೆಗೆ ಹೋಲಿಸಿ. ಸರಿಯಾದ ತುದಿ ಸಿಕ್ಕಿ ಎಳೆದ್ರೆ ಸರ್ರಂತ ಪೂರ್ತಿ ಬಿಚ್ಚಿಕೊಳ್ಳತ್ತೆ. ಅದು ಚೈನ್ ಸ್ಟಿಚ್, ಒಂದು ಕುಣಿಕೆಯನ್ನು ಮುಂದಿನ ಕುಣಿಕೆ ಹಿಡಿದಿರತ್ತೆ, ಒಂದು ಬಿಟ್ಟರೆ ಎಲ್ಲ ಬಿಟ್ಟ ಹಾಗೆ. ಉಣ್ಣೆಯ ಸ್ವೆಟರ್, ಕೂಸಿನ ಕುಲಾಯಿ ಕೂಡ ಕುಣಿಕೆಯೊಳಗೆ ಕುಣಿಕೆಯೇ. ಒಂದು ಎಳೆ ಕಡಿದರೆ ಏಣಿಯ ಹಾಗೆ ಮೇಲಿನಿಂದ ಕೆಳಗಿನವರೆಗೆ ಬಿಚ್ಚಿಕೊಳ್ಳೋದು ಅದಕ್ಕೇ. ಹಿಗ್ಗಬೇಕು ಅನ್ನೋ ಕಡೆ ಕುಣಿಕೆ ಬೇಕು, ತಲೆಗೆ ಕೌದಿ ಸುತ್ತೋಕಾಗಲ್ಲ. ಆದರೆ ಇಪ್ಪತ್ತು ವರ್ಷ ನೆಲಕ್ಕೆ ಉಜ್ಜಿಸಿಕೊಳ್ಳಬೇಕಾದ ವಸ್ತುವಿಗೆ ರನ್ನಿಂಗ್ ಸ್ಟಿಚ್‌ಗಿಂತ ಸರಳ, ಅದಕ್ಕಿಂತ ನಂಬಿಕಸ್ಥ ಹೊಲಿಗೆ ನನಗೆ ಕಂಡಿಲ್ಲ.

ಹೊಲಿಯೋದು

ನೆಲ ಒರೆಸಿ, ಕೆಳಗಿನ ಪದರವನ್ನು ಸುಕ್ಕಿಲ್ಲದೆ ಹಾಸಿ. ಸುತ್ತ 2 ಸೆಂ.ಮೀ. ಮಡಿಕೆಗೆ, ಇನ್ನೂ 3 ಸೆಂ.ಮೀ. ಕುಗ್ಗುವಿಕೆಗೆ ಹೆಚ್ಚು ಬಿಟ್ಟು ಕತ್ತರಿಸಿರಬೇಕು. ಹೊಲಿಗೆ ಬಿದ್ದ ಹಾಗೆ ಬಟ್ಟೆ ಸೇರುತ್ತಾ ಬರತ್ತೆ, ಮೊದಲ ಅಳತೆ ಕೊನೆಗೆ ಉಳಿಯಲ್ಲ. ನಾಲ್ಕೂ ಮೂಲೆಗೆ ಏನಾದ್ರೂ ಭಾರ ಇಡಿ. ಮನೆಯಲ್ಲಾದ್ರೆ ತಂಬಿಗೆ, ಹಾಸ್ಟೆಲ್ಲಲ್ಲಾದ್ರೆ ಡಂಬೆಲ್, ಇಲ್ಲವೇ ದಪ್ಪ ಟೆಕ್ಸ್ಟ್‌ಬುಕ್. ಅದರ ಮೇಲೆ ಮೂರು ಒಳಪದರ, ಅವು ಮಡಿಕೆಯ ಗೆರೆಯವರೆಗೆ ಮಾತ್ರ. ಒಂದು ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಬಿಚ್ಚೋದಕ್ಕೆ ಬೇರೆ ಬಣ್ಣದ ದಾರದಲ್ಲಿ.

ಮೇಲಿನ ತುಂಡುಗಳಿಗೆ ಎರಡು ದಾರಿ ಇದೆ. ಒಂದು, ತುಂಡುಗಳನ್ನೆಲ್ಲ ಮೊದಲೇ ಕೂಡಿಸಿ ಹಾಳೆ ಮಾಡಿಕೊಂಡು, ಅದನ್ನು ಹಾಸಿ ಹೊಲಿಯೋದು. ಚೌಕ, ತ್ರಿಕೋನ ಅಂತ ಲೆಕ್ಕಾಚಾರದ ವಿನ್ಯಾಸ ಬೇಕು ಅನ್ನೋರಿಗೆ ಇದು. ಇನ್ನೊಂದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ದಾರಿ. ಆಫ್ರಿಕಾ ಮೂಲದ ಈ ಸಮುದಾಯದ ಹೊದಿಕೆಗಳಿಗೆ 'ಕವಂದಿ' ಅಂತಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬಗ್ಗೆ ಅಧ್ಯಯನ ಮಾಡಿ, ಪ್ರದರ್ಶನಗಳನ್ನೂ ಏರ್ಪಡಿಸಿದ್ದಾರೆ. ಅಲ್ಲಿ ಮೊದಲೇ ಕೂಡಿಸೋ ಮಾತೇ ಇಲ್ಲ. ಒಂದು ಮೂಲೆಯಿಂದ ಶುರು ಮಾಡಿ, ತುಂಡಿನ ಅಂಚು ಒಳಗೆ ಮಡಚಿ, ಐದೂ ಪದರ ಸೇರಿಸಿ ಹೊಲಿಯುತ್ತಾ, ಮುಂದಿನ ತುಂಡನ್ನು ಹಿಂದಿನದರ ಕೆಳಗೋ ಮೇಲೋ ಸೇರಿಸುತ್ತಾ ಅಂಚಿನ ಸುತ್ತ ಹೋಗೋದು. ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ನಡುವಿಗೆ ಬಂದು ಮುಗಿಯತ್ತೆ. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ಪುಟ್ಟ ತುಂಡುಗಳನ್ನು ಕೂರಿಸ್ತಾರೆ, ಅವು ಹೂವು. ಅವಿಲ್ಲದೆ ಕವಂದಿ ಪೂರ್ತಿ ಆಗಲ್ಲ.

ನನಗೆ ಈ ಎರಡನೇ ದಾರಿ ಇಷ್ಟ, ಕಾರಣ ಇಂಜಿನಿಯರಿಂಗ್‌ನದ್ದೇ. ಹೊರಗಿನಿಂದ ಒಳಗೆ ಹೊಲಿದುಕೊಂಡು ಬಂದ್ರೆ ಬಟ್ಟೆಯ ಸಡಿಲವೆಲ್ಲ ನಡುವಿಗೆ ತಳ್ಳಿಕೊಂಡು ಬರತ್ತೆ. ಮೇಲಿನ ಪದರ ಒಂದೇ ಹಾಳೆ ಆಗಿದ್ರೆ ಆ ಸಡಿಲಕ್ಕೆ ಹೋಗೋಕೆ ಜಾಗ ಇಲ್ಲ, ನಡುವೆ ಗುಬುಟು ನಿಲ್ಲತ್ತೆ. ಅದಕ್ಕೇ ಹಾಳೆ ಹಾಸಿ ಹೊಲಿಯೋರು ನಡುವಿನಿಂದ ಹೊರಕ್ಕೆ ಹೋಗೋದು ವಾಸಿ. ಸಿದ್ದಿ ದಾರಿಯಲ್ಲಿ ಹೊಸ ತುಂಡು ಇಡುವಾಗಲೆಲ್ಲ ಅದರ ಮಡಿಕೆಯನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು. ಪ್ರತಿ ಜೋಡಣೆಯೂ ಒಂದು ಎಕ್ಸ್‌ಪಾನ್ಶನ್ ಜಾಯಿಂಟ್ ಇದ್ದ ಹಾಗೆ. ಸಣ್ಣಪುಟ್ಟ ಅಳತೆ ತಪ್ಪುಗಳು ಅಲ್ಲೇ ಕರಗಿಹೋಗತ್ತೆ. ಕೆಳಗಿನ ಪದರಗಳನ್ನು ಮಾತ್ರ ಆಗಾಗ ತಿರುಗಿಸಿ, ಕೈಯಿಂದ ಸವರಿ ನೋಡ್ತಾ ಇರಬೇಕು.

ಹೊಲಿಗೆ ಮೇಲೆ ಅರ್ಧ ಸೆಂ.ಮೀ., ಕೆಳಗೆ ಅರ್ಧ ಸೆಂ.ಮೀ. ಇರಲಿ. ಸೂಜಿಗೆ ಮೂರು ನಾಲ್ಕು ಹೊಲಿಗೆ ಪೋಣಿಸಿ ಒಟ್ಟಿಗೆ ಎಳೆಯಬಹುದು. ಐದು ಪದರ ತೂರುವಾಗ ಬೆರಳಿಗೆ ಥಿಂಬಲ್ ಇಲ್ಲದಿದ್ರೆ ಎರಡೇ ದಿನದಲ್ಲಿ ಕೀಬೋರ್ಡ್ ಮುಟ್ಟೋಕೂ ಆಗಲ್ಲ. ಎಷ್ಟು ಬಿಗಿ ಎಳೆಯಬೇಕು ಅನ್ನೋದು ಬರವಣಿಗೆಯಲ್ಲಿ ಹೇಳೋದು ಕಷ್ಟ. "ಎಳೀಬ್ಯಾಡ, ಕೂಡಸು ಅಷ್ಟ" ಅನ್ನೋದು ಚಿಗವ್ವನ ಸೂಚನೆ. ಬೆರಳಿನಿಂದ ಸಾಲನ್ನು ಸವರಿದಾಗ ದಾರ ಬಟ್ಟೆಗೆ ತಾಗಿರಬೇಕು, ಬಟ್ಟೆ ನಿರಿಗೆ ಕಟ್ಟಿರಬಾರದು.

ಎಷ್ಟು ಹೊತ್ತು?

ಸಾಲುಗಳನ್ನು ಉದ್ದಕ್ಕೆ ಹಾಕಿ, ಅಡ್ಡಕ್ಕೆ ಹಾಕಿ, ಸುರುಳಿ ಹಾಕಿ, ಒಟ್ಟು ಹೊಲಿಗೆಯ ಉದ್ದ ಬದಲಾಗಲ್ಲ! ಅದು ವಿಸ್ತೀರ್ಣ ಭಾಗಿಸು ಸಾಲುಗಳ ಅಂತರ. ಪ್ರತಿ ಸಾಲೂ ತನ್ನ ಸುತ್ತ 1 ಸೆಂ.ಮೀ. ಅಗಲದ ಪಟ್ಟಿಯನ್ನು ಹೊತ್ತುಕೊಂಡಿದೆ ಅಂತ ಯೋಚಿಸಿದ್ರೆ ತಕ್ಷಣ ಹೊಳೆಯತ್ತೆ. ನಮ್ಮ ಕೂಸಿನ ಕೌದಿಗೆ 90 ಗುಣಿಸು 75, ಅಂದ್ರೆ 6,750 ಸೆಂ.ಮೀ., ಅರವತ್ತೇಳೂವರೆ ಮೀಟರ್. ಮಡಚಿದ ಒಂದು ಮಾರು ದಾರಕ್ಕೆ 70 ಸೆಂ.ಮೀ. ಹೊಲಿಗೆ ಬರತ್ತೆ, ಉಳಿದದ್ದು ಪದರಗಳ ದಪ್ಪಕ್ಕೆ ಮತ್ತು ತುದಿಗೆ ಹೋಗತ್ತೆ. ಹಾಗಾದ್ರೆ ಸೂಜಿಗೆ 96 ಸಲ ದಾರ ಪೋಣಿಸಬೇಕು. ಒಟ್ಟು ದಾರ 173 ಮೀಟರ್. ನೂರು ಮೀಟರಿನ ಎರಡು ಉಂಡೆ ಸಾಕು.

ಹೊಸಬರಿಗೆ ಒಂದು ಮೀಟರ್ ಹೊಲಿಗೆಗೆ ಆರು ನಿಮಿಷ ಹಿಡಿಯಿರಿ: 405 ನಿಮಿಷ. ದಾರ ಪೋಣಿಸಿ, ಶುರು ಮಾಡಿ, ಮುಗಿಸೋಕೆ ಪ್ರತಿ ಸಲ ಒಂದೂವರೆ ನಿಮಿಷ: 144 ನಿಮಿಷ. ಎರಡೂ ಸೇರಿ ಒಂಬತ್ತು ಗಂಟೆ ಚಿಲ್ಲರೆ. ಕತ್ತರಿಸೋದು, ಹಾಸೋದು, ತುಂಡು ಆರಿಸೋದಕ್ಕೆ ಇನ್ನೊಂದು ಮೂರು ಗಂಟೆ. ದಿನಕ್ಕೆ ಒಂದು ಗಂಟೆ ಕೂತರೂ ಹನ್ನೆರಡು ದಿನದ ಕೆಲಸ. ಇಂಟರ್ನಲ್ಸ್ ನಡುವೆ ಆಗೋದು ಹೋಗೋದು ನಿಮಗೆ ಬಿಟ್ಟಿದ್ದು.

ಇದೇ ಲೆಕ್ಕವನ್ನು ದೊಡ್ಡವರು ಹೊದೆಯೋ ಕೌದಿಗೆ ಹಾಕಿ ನೋಡಿ. 2 ಮೀಟರ್ ಉದ್ದ, 1.4 ಮೀಟರ್ ಅಗಲ. ಹೊಲಿಗೆ 280 ಮೀಟರ್, ದಾರ ಪೋಣಿಸೋದು 400 ಸಲ, ಹೊತ್ತು 38 ಗಂಟೆ. ಕೈ ಪಳಗಿದವರಿಗೆ ಅರ್ಧ ಹೊತ್ತು ಸಾಕು ಅಂದುಕೊಂಡ್ರೂ 19 ಗಂಟೆ. ಸಾಲುಗಳು ಅರ್ಧ ಸೆಂ.ಮೀ.ಗೊಂದು ಬೇಕು ಅಂದ್ರೆ ಅದು ನೇರ ಎರಡರಷ್ಟು.

ನಮ್ಮ ಕಡೆ ಊರೂರು ಸುತ್ತಿ, ಮನೆಮುಂದೆ ಕೂತು ಕೌದಿ ಹೊಲಿದುಕೊಡೋ ಹೆಣ್ಣುಮಕ್ಕಳಿದ್ದಾರೆ. ಬಟ್ಟೆ ಮನೆಯವರದ್ದು, ಕೈ ಅವರದ್ದು. ಅವರು ಕೂಲಿ ಹೇಳಿದ ತಕ್ಷಣ "ಹಳೇ ಅರಿವಿಗೆ ಇಷ್ಟ್ಯಾಕ್ರೀ?" ಅಂತ ಚೌಕಾಸಿ ಶುರುವಾಗೋದು ನಾನು ನೋಡ್ತಾನೇ ಬೆಳೆದದ್ದು. ಗಂಟೆಗೆ ಬರೀ 60 ರೂಪಾಯಿ ಅಂತ ಇಟ್ಟರೂ 19 ಗಂಟೆಗೆ 1,140 ರೂಪಾಯಿ ಆಗತ್ತೆ. ಅದೂ ಹೊಲಿಗೆಗೆ ಮಾತ್ರ, ಕತ್ತರಿಸೋದು ಹಾಸೋದು ಬೇರೆ. ಆ ಮಾತಿನಲ್ಲಿ ಬೆಲೆ ಕಟ್ಟೋದು ಬಟ್ಟೆಗೆ. ಬಟ್ಟೆ ನಿಜವಾಗಿ ಹಳೇದೇ, ಬೆಲೆ ಇಲ್ಲದ್ದೇ. ಆದರೆ ಮೇಲಿನ ಲೆಕ್ಕವೆಲ್ಲ ನೋಡಿದ್ರೆ, ಚಿಂದಿಯನ್ನು ಹೊದಿಕೆ ಮಾಡಿದ್ದು, ಬಿರುಸು ಎಷ್ಟು, ಬಾಳಿಕೆ ಎಷ್ಟು ಅಂತ ತೀರ್ಮಾನಿಸಿದ್ದು ಎಲ್ಲ ಹೊಲಿಗೆ. ಮುಂದಿನ ಸಲ ಮನೆಯಲ್ಲಿ ಚೌಕಾಸಿ ನಡೆದಾಗ ವಿಸ್ತೀರ್ಣ ಭಾಗಿಸು ಅಂತರ ಅಂತ ಒಂದು ಸಲ ಹೇಳಿ ನೋಡಿ. ನಾನು ನಮ್ಮವ್ವನಿಗೆ ಹೇಳಿದೆ. "ಇಂಜಿನಿಯರ್ ಆಗಿ ನಮ್ಮ ವಿರುದ್ಧನ ವಕೀಲಿ ಮಾಡಾಕತ್ತಿ" ಅಂದ್ರು, ಆದರೆ ನೂರೈವತ್ತು ಜಾಸ್ತಿ ಕೊಟ್ರು.

ಕೊಟ್ಟ ಮೇಲೆ

ಕೂಸಿನ ಕೌದಿ ಕೊಡುವಾಗ ಅಕ್ಕನಿಗೆ ಒಂದು ಮಾತು ಹೇಳಿ: ಇದು ಕೂಸಿನ ಕೆಳಗೆ ಹಾಸೋಕೆ, ಎತ್ತಿಕೊಂಡಾಗ ಸುತ್ತೋಕೆ. ಮೊದಲ ವರ್ಷ ಮಲಗಿದ ಕೂಸಿನ ಮೇಲೆ ಸಡಿಲ ಹೊದಿಕೆ ಹಾಕಿ ಬಿಡೋದು ಬೇಡ ಅಂತ ಮಕ್ಕಳ ವೈದ್ಯರು ಹೇಳ್ತಾರೆ, ಮುಖದ ಮೇಲೆ ಬಂದ್ರೆ ಅದಕ್ಕೆ ಸರಿಸೋಕೆ ಬರಲ್ಲ. ಹೊಲಿದಾದ ಮೇಲೆ ಸೂಜಿಗಳನ್ನು ಎಣಿಸಿ, ಕಚ್ಚಾ ಹೊಲಿಗೆ ಬಿಚ್ಚಿ, ಬಿಸಿನೀರಲ್ಲಿ ಒಂದು ಸಲ ಒಗೆದು, ಬಿಸಿಲಿಗೆ ಒಣಗಿಸಿಯೇ ಕೊಡಿ.

ಒಗೆಯುವಾಗ ಹಿಂಡಬೇಡಿ. ಒದ್ದೆ ಕೌದಿ ಒಣ ಕೌದಿಗಿಂತ ಎಷ್ಟೋ ಪಟ್ಟು ಭಾರ. ತಿರುಚಿದಾಗ ಪದರಗಳು ಒಂದೊಂದು ದಿಕ್ಕಿಗೆ ಜಾರೋಕೆ ನೋಡತ್ತೆ, ಆ ಬಲವೆಲ್ಲ ದಾರದ ಮೇಲೆ ಬೀಳತ್ತೆ. ಒತ್ತಿ ನೀರು ಬಸಿದು, ಒಂದೇ ತಂತಿಯ ಮೇಲೆ ಜೋತು ಹಾಕದೆ ಎರಡು ತಂತಿಗಳ ಮೇಲೆ ಅಗಲವಾಗಿ ಹರಡಿ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೆ ಒಯ್ದು ಒಗೆಯುವಾಗ ಕೌದಿಯನ್ನು ಬಂಡೆಯ ಮೇಲೆ, ಹುಲ್ಲಿನ ಮೇಲೆ ಹಾಸಿ ಒಣಗಿಸ್ತಾರಲ್ಲ, ಅದು ಎಲ್ಲಕ್ಕಿಂತ ಒಳ್ಳೇದು.

ಎಲ್ಲಾದ್ರೂ ತೂತು ಬಿದ್ರೆ ಬಿಚ್ಚೋ ಅಗತ್ಯ ಇಲ್ಲ. ತೂತಿಗಿಂತ ಎರಡು ಬೆರಳು ದೊಡ್ಡ ತುಂಡನ್ನು ಅಂಚು ಮಡಚಿ ಮೇಲೆ ಇಟ್ಟು, ಹಳೇ ಸಾಲುಗಳ ಜೊತೆ ಸೇರೋ ಹಾಗೆ ಎಲ್ಲ ಪದರ ತೂರಿಸಿ ಹೊಲಿದರೆ ಆಯ್ತು. ತೀರಾ ಜಾಳಾದ ಕೌದಿಯನ್ನು ನಮ್ಮ ಕಡೆ ಎಸೆಯಲ್ಲ, ಹೊಸ ಕೌದಿಯ ಒಳಗೆ ಅದನ್ನೇ ನಡುವಿನ ಪದರವಾಗಿ ಹಾಕಿಬಿಡ್ತಾರೆ. ಹಾಗೆ ಹಾಕುವಾಗ ಒಂದು ಎಚ್ಚರ: ಹಳೇ ಹೊಲಿಗೆಯಿಂದ ಅದು ಆಗಲೇ ಬಿರುಸಾಗಿರತ್ತೆ, ಹಾಗಾಗಿ ಮೇಲೆ ಕೆಳಗೆ ಒಂದೊಂದೇ ಪದರ ಹಾಕಿ, ಸಾಲುಗಳ ಅಂತರ ಎರಡು ಸೆಂ.ಮೀ. ಇಡಿ. ಸೂಜಿ ಮಾತ್ರ ಇನ್ನೂ ದಪ್ಪದ್ದು ಬೇಕಾಗತ್ತೆ.